ಮುಖ ನೋಡಿ ಮಣೆ ಹಾಕುವ ಆಯುಧ

ಮಗೂ, ನಿನ್ನ ಚಿತ್ರಕಥೆ ಪೂರ್ತಿ ಓದಿದೆ. ಕಥೆಗೆ ಜೀವ ಇದೆ, ಮಾತಿಗೆ ಹದ ಇದೆ. ವಿಜ್ಞಾನ ಕಥೆಯನ್ನು ಕನ್ನಡದಲ್ಲೇ ಸಿನಿಮಾ ಮಾಡಬೇಕೆಂಬ ನಿನ್ನ ಹಟ ನನಗೆ ತುಂಬಾ ಹಿಡಿಸಿತು. ಅದಕ್ಕೇ ಒಂದು ವಿಷಯವನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ನಿನ್ನ ಕಥೆಯ ಕಿರಣದ ಬಂದೂಕು ಆರಂಭದಲ್ಲಿ ಉಕ್ಕಿನ ಬಾಗಿಲನ್ನೇ ಕರಗಿಸಿ ಹರಿಸುತ್ತದೆ. ನಡುವೆ ಕಾವಲುಗಾರರಿಗೆ ತಾಗಿದಾಗ ಅವರು ನಿಂತಲ್ಲೇ ಬೂದಿಯಾಗುತ್ತಾರೆ. ಕೊನೆಯ ಹೋರಾಟದಲ್ಲಿ ಅದೇ ಕಿರಣ ನಾಯಕಿಯ ಭುಜಕ್ಕೆ ತಾಗುತ್ತದೆ; ಅವಳು ಹಲ್ಲು ಕಚ್ಚಿಕೊಂಡು ಎದ್ದು ಓಡುತ್ತಾಳೆ. ಉಕ್ಕು ಕರಗಿತು, ಕಾವಲುಗಾರ ಬೂದಿಯಾದ, ನಾಯಕಿಗೆ ಮಾತ್ರ ತರಚು ಗಾಯ. ಚಿತ್ರಮಂದಿರದಲ್ಲಿ ಕೂತವರು ಇದನ್ನು ಬಾಯಿಬಿಟ್ಟು ಕೇಳದೇ ಇರಬಹುದು. ಮನಸ್ಸಿನೊಳಗೆ ಕೇಳಿಯೇ ಕೇಳುತ್ತಾರೆ.

ಇದು ನಿನಗೆ ಮಾತ್ರ ಬಂದ ತೊಡಕಲ್ಲ. ಜಗತ್ತು ಕೊಂಡಾಡುವ ಚಿತ್ರಗಳಲ್ಲೂ ಇದು ಇದೆ. 1977ರ ‘ಸ್ಟಾರ್ ವಾರ್ಸ್’ ನೆನಪಿಸಿಕೋ. ಚಿತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ಸೈನಿಕನೊಬ್ಬನ ಬ್ಲಾಸ್ಟರ್ ಬಂದೂಕಿನಿಂದ ನೀಲಿ ಉಂಗುರಗಳು ಹೊರಟು ರಾಜಕುಮಾರಿ ಲೇಯಾ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಕೊಲ್ಲದೆ ಕೆಡವುವ ಶಕ್ತಿ ಈ ಬಂದೂಕಿಗಿದೆ ಎಂದು ನಮಗೆ ತಿಳಿಯಿತು. ಸೆರೆಯಾಳುಗಳನ್ನು ಜೀವಸಹಿತ ಹಿಡಿಯಬೇಕಾದವರಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ? ಆದರೆ ಆಮೇಲೆ ಆ ನೀಲಿ ಉಂಗುರ ಕಣ್ಣಿಗೆ ಬೀಳುವುದೇ ಅಪರೂಪ. ಅದೇ ಚಿತ್ರದಲ್ಲಿ ಹಿರಿಯ ಓಬಿ-ವಾನ್ ಕೆನೋಬಿ ಸುಟ್ಟ ಗುರುತುಗಳನ್ನು ನೋಡಿ, ಇಷ್ಟು ಕರಾರುವಾಕ್ಕಾಗಿ ಗುರಿಯಿಡಬಲ್ಲವರು ಸಾಮ್ರಾಜ್ಯದ ಸೈನಿಕರು ಮಾತ್ರ ಎನ್ನುತ್ತಾನೆ. ಮುಂದೆ ಅದೇ ಸೈನಿಕರು ಕಿರಿದಾದ ಓಣಿಯಲ್ಲಿ, ಕೆಲವೇ ಹೆಜ್ಜೆ ದೂರದಲ್ಲಿರುವ ನಾಯಕರಿಗೆ ಒಂದು ಹೊಡೆತವನ್ನೂ ತಾಗಿಸಲಾರರು. ಅದಕ್ಕೆ ಚಿತ್ರವೇ ಒಂದು ಸಮಾಧಾನ ಕೊಡುತ್ತದೆ: ನಾಯಕರ ಅಡಗುತಾಣ ಪತ್ತೆಮಾಡಲೆಂದು ಬೇಕೆಂದೇ ಅವರನ್ನು ತಪ್ಪಿಸಿಕೊಳ್ಳಲು ಬಿಟ್ಟರು ಎಂದು. ಸರಿ, ಒಪ್ಪೋಣ. 1980ರ, 1983ರ ಮುಂದಿನ ಚಿತ್ರಗಳಲ್ಲಿ ಆ ಸಮಾಧಾನವೂ ಇಲ್ಲ, ಗುರಿ ಮಾತ್ರ ತಪ್ಪುತ್ತಲೇ ಇರುತ್ತದೆ.

1983ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಕಾಡಿನ ಕಾಳಗವನ್ನು ಗಮನವಿಟ್ಟು ನೋಡು. ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟ ಸೈನಿಕ ಒಂದೇ ಹೊಡೆತಕ್ಕೆ ಸತ್ತು ಬೀಳುತ್ತಾನೆ. ಬರಿಯ ಬಟ್ಟೆ ತೊಟ್ಟ ಲೇಯಾಳ ತೋಳಿಗೆ ಹೊಡೆತ ಬೀಳುತ್ತದೆ. ಅವಳು ಕುಸಿದು ಕೂತವಳು ಮರುಕ್ಷಣವೇ ಬಂದೂಕೆತ್ತಿ ಇಬ್ಬರನ್ನು ಉರುಳಿಸುತ್ತಾಳೆ. ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿಯದೂ ಇದೇ ಪಾಡು. ಮೊದಲ ಚಿತ್ರದ ಪಾನಗೃಹದಲ್ಲಿ ಅದು ಒಬ್ಬನ ತೋಳು ಕತ್ತರಿಸಿದಾಗ ನೆಲದ ಮೇಲೆ ರಕ್ತ ಕಾಣುತ್ತದೆ. 1980ರ ಚಿತ್ರದಲ್ಲಿ ನಾಯಕ ಲ್ಯೂಕ್‌ನ ಕೈ ತುಂಡಾದಾಗ ಒಂದು ಹನಿಯೂ ಇಲ್ಲ. ಕತ್ತಿಯ ಕಾವಿಗೆ ಗಾಯ ಸುಟ್ಟು ಮುಚ್ಚಿಕೊಂಡಿತೆಂದು ನಾವೇ ಅರ್ಥ ಮಾಡಿಕೊಳ್ಳಬೇಕು.

‘ಸ್ಟಾರ್ ಟ್ರೆಕ್’ನ ಫೇಸರ್ ಬಂದೂಕನ್ನು ತೆಗೆದುಕೋ. 1982ರ ‘ದ ರಾತ್ ಆಫ್ ಖಾನ್’ ಚಿತ್ರದಲ್ಲಿ ಶತ್ರುವಿನ ವಶವಾದ ನಾಯಕನೊಬ್ಬ ತನ್ನ ಮಿತ್ರನನ್ನು ಕೊಲ್ಲಲಾರದೆ ಫೇಸರನ್ನು ತನ್ನತ್ತಲೇ ತಿರುಗಿಸಿಕೊಳ್ಳುತ್ತಾನೆ. ಅವನ ಮೈ, ಬಟ್ಟೆ, ಬೂಟು ಎಲ್ಲವೂ ಕ್ಷಣದಲ್ಲಿ ಮಾಯ. ಅವನು ನಿಂತಿದ್ದ ನೆಲಕ್ಕೆ ಮಾತ್ರ ಏನೂ ಆಗುವುದಿಲ್ಲ. ಬೂಟನ್ನು ಆವಿ ಮಾಡಿದ ಕಿರಣಕ್ಕೆ ಬೂಟು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತು ಎಂಬುದು ಹೇಗೆ ತಿಳಿಯಿತು?

ಇಷ್ಟೆಲ್ಲ ಹೇಳಿದ್ದು ಆ ಚಿತ್ರಗಳನ್ನು ಹಳಿಯಲಿಕ್ಕಲ್ಲ. ನಾನು ಅವನ್ನು ಪ್ರೀತಿಸುತ್ತೇನೆ, ಈಗಲೂ ನೋಡುತ್ತೇನೆ. ನಿನಗೆ ಹೇಳಬೇಕಾದ ಮಾತು ಬೇರೆ. ಈ ಏರುಪೇರುಗಳಲ್ಲಿ ಎರಡು ಜಾತಿ ಇವೆ. ಒಂದು, ನೆಲ ಸುಡಲಿಲ್ಲ ಎಂಬಂಥದು. ಅದನ್ನು ನೋಡುಗ ಮನ್ನಿಸುತ್ತಾನೆ. ಇನ್ನೊಂದು, ಯಾರಿಗೆ ತಾಗಿತು ಎಂಬುದರ ಮೇಲೆ ಶಕ್ತಿ ಹೆಚ್ಚು ಕಡಿಮೆ ಆಗುವಂಥದು. ಹೆಸರಿಲ್ಲದವನಿಗೆ ಸಾವು, ನಾಯಕನಿಗೆ ತರಚು. ನಮ್ಮಲ್ಲಿ ಇದಕ್ಕೆ ಮುಖ ನೋಡಿ ಮಣೆ ಹಾಕುವುದು ಅನ್ನುತ್ತಾರೆ. ಊಟದ ಪಂಕ್ತಿಯಲ್ಲಿ ಹಾಗೆ ಮಾಡಿದರೆ ನಮಗೆ ನೋವಾಗುತ್ತದಲ್ಲ, ಕಥೆಯಲ್ಲೂ ಆಗುತ್ತದೆ. ಆಯುಧ ಮುಖ ನೋಡತೊಡಗಿದರೆ ನಾಯಕಿ ಸಾಯುವುದಿಲ್ಲವೆಂದು ನೋಡುಗನಿಗೆ ಖಾತ್ರಿಯಾಗುತ್ತದೆ. ಸಾಯುವ ಭಯವೇ ಇಲ್ಲದ ಕಡೆ ಅವಳು ಮುನ್ನುಗ್ಗುವುದರಲ್ಲಿ ಧೈರ್ಯ ಎಲ್ಲಿಂದ ಬರಬೇಕು? ಜೊತೆಗೆ, ಸತ್ತ ಕಾವಲುಗಾರನ ಸಾವೂ ಅಗ್ಗವಾಗುತ್ತದೆ. ನೀನು ಬರೆಯುವ ಕಥೆಯಲ್ಲಿ ಯಾರ ಸಾವೂ ಅಗ್ಗವಾಗಬಾರದು ಎಂಬುದು ನನ್ನ ಆಸೆ.

ಹಾಗಾದರೆ ಭೌತಶಾಸ್ತ್ರವನ್ನು ಅಕ್ಷರಶಃ ಪಾಲಿಸಬೇಕೇ ಎಂದು ಕೇಳುತ್ತೀಯೆ. ಬೇಡ. ಪಾಲಿಸಹೊರಟರೆ ತೆರೆಯ ಮೇಲೆ ಕಾಣಿಸಲು ಏನೂ ಉಳಿಯುವುದಿಲ್ಲ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಅಂದರೆ ಒಂದು ಚೌಕಟ್ಟಿನ ಅವಧಿಯಲ್ಲೇ ಬೆಳಕು 12,500 ಕಿಲೋಮೀಟರ್, ಹೆಚ್ಚುಕಡಿಮೆ ಇಡೀ ಭೂಮಿಯ ವ್ಯಾಸದಷ್ಟು ದೂರ ದಾಟಿರುತ್ತದೆ. ಓಣಿಯ ಆ ತುದಿಯಿಂದ ಈ ತುದಿಗೆ ಕೆಂಪು ಕಿರಣವೊಂದು ಹಾರಿಬರುವುದನ್ನು ಕಣ್ಣು ಹಿಡಿಯಲು ಸಾಧ್ಯವೇ ಇಲ್ಲ. ಪಕ್ಕದಿಂದ ನೋಡಿದರೆ ಲೇಸರ್ ಕಿರಣ ಕಾಣುವುದೇ ಹೊಗೆ, ದೂಳು, ಮಂಜು ಇದ್ದಾಗ. ಬಾಹ್ಯಾಕಾಶದಲ್ಲಿ ಅದೂ ಇಲ್ಲ. ಎಚ್.ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಬಂದ ‘ದ ವಾರ್ ಆಫ್ ದ ವರ್ಲ್ಡ್ಸ್’ನಲ್ಲಿ ಮಂಗಳದವರ ಶಾಖಕಿರಣವನ್ನು ಕಣ್ಣಿಗೆ ಕಾಣದ್ದಾಗಿಯೇ ಬರೆದ. ಆಗ ಲೇಸರ್ ಎಂಬುದೇ ಇರಲಿಲ್ಲ. 1953ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಕಾಣದ ಕಿರಣವನ್ನು ಕಾಣುವಂತೆ ಮಾಡಲೇಬೇಕಾಯಿತು. ಸಿನಿಮಾ ಕಣ್ಣಿನ ಕಲೆ, ಅದರ ಅಗತ್ಯ ಅದಕ್ಕೆ.

ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ ತಿಂಗಳಲ್ಲಿ. ನಾಲ್ಕೇ ವರ್ಷಕ್ಕೆ, 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್‌ನನ್ನು ಕಟ್ಟಿಹಾಕಿದ ಚಿನ್ನದ ಮೇಜನ್ನು ಲೇಸರ್ ಸೀಳುತ್ತಾ ಬಂತು. ಮೂಲ ಕಾದಂಬರಿಯಲ್ಲಿ ಅಲ್ಲಿದ್ದದ್ದು ಮರ ಕೊಯ್ಯುವ ಗರಗಸದ ಚಕ್ರ. ಚಿತ್ರೀಕರಣದಲ್ಲಿ ಮೇಜಿನ ಕೆಳಗೆ ಒಬ್ಬ ಕೂತು ಗ್ಯಾಸ್ ಟಾರ್ಚಿನಿಂದ ಲೋಹ ಕತ್ತರಿಸುತ್ತಿದ್ದ; ಕೆಂಪು ಕಿರಣವನ್ನು ಆಮೇಲೆ ಸೇರಿಸಿದರು. ಆದರೂ ಆ ದೃಶ್ಯ ಇಂದಿಗೂ ಗಟ್ಟಿ. ಕಾರಣ, ಕಿರಣ ಒಂದೇ ವೇಗದಲ್ಲಿ, ಒಂದೇ ಶಕ್ತಿಯಲ್ಲಿ ಬರುತ್ತದೆ, ಬಾಂಡ್ ಎಂದು ತನ್ನ ನಡಿಗೆ ಬದಲಿಸುವುದಿಲ್ಲ. ಅವನು ಬದುಕುವುದು ತನ್ನ ಮಾತಿನ ಚಾತುರ್ಯದಿಂದ, ಕಿರಣದ ದಯೆಯಿಂದಲ್ಲ.

‘ಸ್ಟಾರ್ ಟ್ರೆಕ್’ ತಯಾರಕರು ಮೊದಲ ಪ್ರಯೋಗದ ಕಂತಿನಲ್ಲಿ ಬಂದೂಕನ್ನು ಲೇಸರ್ ಎಂದೇ ಕರೆದಿದ್ದರು. ಆಮೇಲೆ ಫೇಸರ್ ಎಂಬ ಕಲ್ಪಿತ ಹೆಸರು ಕೊಟ್ಟರು. ನಿಜವಾದ ಲೇಸರಿನ ಮಿತಿ ಎಲ್ಲರಿಗೂ ತಿಳಿದ ಮೇಲೆ, ಇದು ಹೀಗೆ ಮಾಡಲಾರದು ಎಂದು ನೋಡುಗರು ಹೇಳಬಾರದೆಂಬ ಮುಂದಾಲೋಚನೆ ಅದರಲ್ಲಿತ್ತು. ನೀನೂ ಹಾಗೆ ಮಾಡಬಹುದು. ಹೊಸ ಹೆಸರು ಕೊಟ್ಟರೆ ಪ್ರಕೃತಿಯ ನಿಯಮದಿಂದ ಸ್ವಲ್ಪ ಸಡಿಲಿಕೆ ಸಿಗುತ್ತದೆ. ನೀನೇ ಮಾಡಿಕೊಂಡ ನಿಯಮದಿಂದ ಮಾತ್ರ ಸಡಿಲಿಕೆ ಇಲ್ಲ.

ಆದರೂ ಲೆಕ್ಕ ಗೊತ್ತಿರಲಿ. ಯಾವ ಗೆರೆ ದಾಟುತ್ತಿದ್ದೇನೆ ಎಂದು ತಿಳಿದು ದಾಟುವವರ ಕಥೆಗೆ ಬೇರೆಯೇ ಗಟ್ಟಿತನ ಬರುತ್ತದೆ. ಎಪ್ಪತ್ತು ಕೆ.ಜಿ. ತೂಗುವ ಮನುಷ್ಯನ ಮೈಯಲ್ಲಿ ಸುಮಾರು 42 ಕೆ.ಜಿ. ನೀರೇ ಇರುತ್ತದೆ. ಆ ನೀರನ್ನಷ್ಟೇ ಆವಿ ಮಾಡಲು ಹತ್ತು ಕೋಟಿ ಜೂಲ್‌ಗಿಂತ ಹೆಚ್ಚು, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 30 ಯೂನಿಟ್ಟಿನಷ್ಟು ಶಕ್ತಿ ಬೇಕು. ಹೊರಬರುವ ಹಬೆ ಸುಮಾರು 70 ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಎರಡು ಕೋಣೆ ತುಂಬಿ ಮಿಗುತ್ತದೆ. ಪಕ್ಕದಲ್ಲಿ ನಿಂತವರ ಮೈಯೆಲ್ಲ ಬೆಂದುಹೋಗಬೇಕು. ಚಿತ್ರಗಳಲ್ಲಿ ಪಕ್ಕದವನ ಕೂದಲೂ ಅಲುಗುವುದಿಲ್ಲ. ಇದನ್ನು ತಿಳಿದ ಬರಹಗಾರನಿಗೆ ಒಂದು ಹೊಸ ದೃಶ್ಯವೇ ಹೊಳೆಯಬಹುದು: ಕಿರಣದಿಂದ ಒಬ್ಬ ಸಾಯುತ್ತಾನೆ, ಅವನ ಕೈ ಹಿಡಿದಿದ್ದವನು ಜೀವನವಿಡೀ ಆ ಹಬೆಯ ಗುರುತು ಹೊತ್ತು ತಿರುಗುತ್ತಾನೆ.

1984ರ ‘ದ ಟರ್ಮಿನೇಟರ್’ ಚಿತ್ರದಲ್ಲಿ ಭವಿಷ್ಯದಿಂದ ಬಂದ ಯಂತ್ರಮಾನವ ಬಂದೂಕಿನ ಅಂಗಡಿಯಲ್ಲಿ 40 ವಾಟ್ ವ್ಯಾಪ್ತಿಯ ಪ್ಲಾಸ್ಮಾ ರೈಫಲ್ ಕೇಳುತ್ತಾನೆ. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ಬಲ್ಬು 40 ವಾಟಿನದು. ಸೇನೆಯ ಸಾಧಾರಣ ರೈಫಲ್ಲಿನ ಒಂದು ಗುಂಡಿಗೆ ಸುಮಾರು 1,700 ಜೂಲ್ ಶಕ್ತಿ ಇರುತ್ತದೆ. 40 ವಾಟ್ ದರದಲ್ಲಿ ಅಷ್ಟು ಕೂಡಿಹಾಕಲು ಮುಕ್ಕಾಲು ನಿಮಿಷ ಹತ್ತಿರ ಬೇಕು. ಸಂಖ್ಯೆ ಹೇಳಬೇಕಾದರೆ ಅದರ ಅರ್ಥ ತಿಳಿದು ಹೇಳು. ತಿಳಿಯದಿದ್ದರೆ ಸಂಖ್ಯೆಯೇ ಬೇಡ, ಪರಿಣಾಮ ತೋರಿಸು ಸಾಕು.

ಬಂದೂಕಿನ ಹಿಂದೊದೆತದ ವಿಷಯವೂ ಹಾಗೆಯೇ. ಬೆಳಕು ಹೊರಟರೆ ಹೊಡೆದವನ ಭುಜಕ್ಕೆ ಒದೆ ಬೀಳುವುದು ತೀರಾ ಅತ್ಯಲ್ಪ. ರೈಫಲ್ಲಿನಷ್ಟು ಒದೆತ ಬೆಳಕಿನಿಂದ ಬರಬೇಕಾದರೆ ನೂರು ಕೋಟಿ ಜೂಲ್‌ಗೂ ಹೆಚ್ಚು, ಅಂದರೆ ಮುನ್ನೂರು ಯೂನಿಟ್ ವಿದ್ಯುತ್ತಿಗಿಂತ ಹೆಚ್ಚಿನ ಶಕ್ತಿ ಒಂದೇ ಹೊಡೆತದಲ್ಲಿ ಹೊರಡಬೇಕು. ಚಿತ್ರಗಳಲ್ಲಿ ಕಿರಣದ ಬಂದೂಕು ಒಮ್ಮೆ ಒದೆಯುತ್ತದೆ, ಒಮ್ಮೆ ಒದೆಯುವುದಿಲ್ಲ. 1997ರ ‘ಮೆನ್ ಇನ್ ಬ್ಲ್ಯಾಕ್’ ಒದೆತವನ್ನೇ ನಿಯಮವಾಗಿ ಹಿಡಿಯಿತು: ಅಂಗೈಯಲ್ಲಿ ಅಡಗುವ ಪುಟ್ಟ ಬಂದೂಕು, ಹೊಡೆದವನನ್ನೇ ಹಿಂದಕ್ಕೆ ಎತ್ತಿ ಎಸೆಯುತ್ತದೆ. ನಾಯಕನೆಂದು ಅವನಿಗೆ ರಿಯಾಯಿತಿ ಇಲ್ಲ. ಅದರಿಂದಲೇ ನಗು ಬರುತ್ತದೆ, ಅದರಿಂದಲೇ ಆ ಬಂದೂಕು ನಿಜವೆನಿಸುತ್ತದೆ.

ಒಳ್ಳೆಯ ನಿಯಮ ಕಥೆಗೆ ಏನು ಕೊಡುತ್ತದೆ ಎಂಬುದಕ್ಕೆ ನಾನು ನಿನಗೆ ಮತ್ತೆ ಮತ್ತೆ ನೋಡು ಎನ್ನುವ ಚಿತ್ರ 1991ರ ‘ಸ್ಟಾರ್ ಟ್ರೆಕ್: ದಿ ಅನ್‌ಡಿಸ್ಕವರ್ಡ್ ಕಂಟ್ರಿ’. ಖಾನ್ ಚಿತ್ರವನ್ನು ಮಾಡಿದ ನಿಕೊಲಸ್ ಮೇಯರನೇ ಇದರ ನಿರ್ದೇಶಕ. ಶಾಂತಿಯ ಮಾತುಕತೆಗೆ ಬಂದ, ಕ್ಲಿಂಗನ್ ಎಂಬ ಅನ್ಯಗ್ರಹದವರ ನಾಯಕನನ್ನು ಅವನ ಹಡಗಿನಲ್ಲೇ ಇಬ್ಬರು ಕೊಲೆಗಾರರು ಫೇಸರಿನಿಂದ ಕೊಲ್ಲುತ್ತಾರೆ. ಅವರು ತೊಟ್ಟಿದ್ದ ಅಯಸ್ಕಾಂತದ ಬೂಟುಗಳಿಗಾಗಿ ಹುಡುಕಾಟ ನಡೆಯುತ್ತದೆ. ಆಗ ಒಬ್ಬ ಕೇಳುತ್ತಾನೆ: ಆ ಬೂಟುಗಳನ್ನು ಫೇಸರಿನಿಂದ ಆವಿ ಮಾಡಿಬಿಡಬಹುದಿತ್ತಲ್ಲ? ನಾವು ಕೇಳಬೇಕೆಂದಿದ್ದ ಪ್ರಶ್ನೆಯೇ ಅದು. ಉತ್ತರವಾಗಿ ಒಬ್ಬಳು ಅಡುಗೆಮನೆಯಲ್ಲಿ ಫೇಸರ್ ಎತ್ತಿ ಒಂದು ಪಾತ್ರೆಯನ್ನು ಮಾಯ ಮಾಡುತ್ತಾಳೆ. ಹಡಗಿನ ತುಂಬ ಎಚ್ಚರಿಕೆಯ ಗಂಟೆ ಕೂಗುತ್ತದೆ. ಅಪ್ಪಣೆಯಿಲ್ಲದೆ ಹಡಗಿನೊಳಗೆ ಆ ಮಟ್ಟದ ಫೇಸರ್ ಹಾರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ನಿಯಮ ಒಂದೇ ಹೊಡೆತದಲ್ಲಿ ನಮ್ಮ ಮನಸ್ಸಿಗೆ ಇಳಿಯಿತು. ಮುಂದೆ ಆ ಕೊಲೆಗಾರರೇ ಹೆಣವಾಗಿ ಸಿಕ್ಕಾಗ ತಿಳಿಯುತ್ತದೆ: ಪ್ರಜ್ಞೆ ತಪ್ಪಿಸುವ ಮಟ್ಟದಲ್ಲಿದ್ದರೂ ತೀರಾ ಹತ್ತಿರದಿಂದ ಹೊಡೆದರೆ ಫೇಸರ್ ಕೊಲ್ಲುತ್ತದೆ. ಗಂಟೆ ಯಾಕೆ ಕೂಗಲಿಲ್ಲ ಎಂಬುದಕ್ಕೂ ಅದೇ ಉತ್ತರ. ಎರಡು ನಿಯಮಗಳು ಸೇರಿ ಒಂದು ಪತ್ತೇದಾರಿ ಕಥೆಯೇ ನಿಂತಿತು. ಇದೇ ಚಿತ್ರದಲ್ಲಿ ಫೇಸರ್ ತಾಗಿದ ಗಾಯದಿಂದ ರಕ್ತ ಹನಿಹನಿಯಾಗಿ ಗಾಳಿಯಲ್ಲಿ ತೇಲುತ್ತದೆ, ಬೇರೆ ಕಡೆ ಫೇಸರ್ ಹಾಗೆ ರಕ್ತ ಹರಿಸಿದ್ದು ಅಪರೂಪ. ಆದರೂ ನಾವು ತಕರಾರು ಎತ್ತುವುದಿಲ್ಲ. ಮುಖ್ಯವಾದ ಕಡೆ ಬಿಗಿಯಾಗಿ ನಡೆದುಕೊಂಡ ಚಿತ್ರಕ್ಕೆ ಸಣ್ಣಪುಟ್ಟ ಕಡೆ ನೋಡುಗ ತಾನಾಗಿಯೇ ಸಾಲ ಕೊಡುತ್ತಾನೆ.

1984ರ ‘ಘೋಸ್ಟ್‌ಬಸ್ಟರ್ಸ್’ ಇನ್ನೊಂದು ಪಾಠ. ದೆವ್ವ ಹಿಡಿಯುವವರು ಬೆನ್ನ ಮೇಲೆ ಹೊತ್ತ ಯಂತ್ರದಿಂದ ಶಕ್ತಿಯ ಧಾರೆ ಹೊರಡುತ್ತದೆ. ಮೊದಲ ಬೇಟೆಯಲ್ಲೇ ಒಬ್ಬ ಎಚ್ಚರಿಸುತ್ತಾನೆ: ಧಾರೆಗಳು ಒಂದನ್ನೊಂದು ದಾಟಬಾರದು, ದಾಟಿದರೆ ಸರ್ವನಾಶ. ಕೊನೆಯಲ್ಲಿ ಬೇರೆ ದಾರಿಯೇ ಇಲ್ಲದಾಗ ಅವರು ಧಾರೆಗಳನ್ನು ದಾಟಿಸುತ್ತಾರೆ. ಬದುಕುತ್ತೇವೋ ಇಲ್ಲವೋ ತಿಳಿಯದು, ಆದರೂ ಮಾಡುತ್ತಾರೆ. ನಿಯಮ ಮುರಿಯುವುದೇ ಅಲ್ಲಿ ಸಾಹಸವಾಯಿತು. ಮೊದಲು ಹೇಳಿರದಿದ್ದರೆ ಅದು ಬರಿಯ ಬೆಳಕಿನಾಟವಾಗುತ್ತಿತ್ತು. ನಿಯಮ ಮುರಿಯಬಾರದು ಎಂದು ನಾನು ಹೇಳುವುದಿಲ್ಲ. ಮುರಿದಾಗ ಬೆಲೆ ತೆರುವ ಅಪಾಯ ಇರಬೇಕು, ಆ ಬೆಲೆ ನೋಡುಗನಿಗೆ ಮೊದಲೇ ಗೊತ್ತಿರಬೇಕು.

ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ‘ಡ್ಯೂನ್’ ಕಾದಂಬರಿಯಲ್ಲಿ ಲೇಸರ್ ಬಂದೂಕು ಇದೆ, ಮೈಗೆ ಶಕ್ತಿಯ ಕವಚವೂ ಇದೆ. ಲೇಸರ್ ಆ ಕವಚಕ್ಕೆ ತಾಗಿದರೆ ಅಣುಸ್ಫೋಟದಂಥ ಅನಾಹುತ, ಹೊಡೆದವನೂ ಉಳಿಯದೇ ಹೋಗಬಹುದು. ವೇಗವಾಗಿ ಬಂದದ್ದನ್ನು ಕವಚ ತಡೆಯುತ್ತದೆ, ನಿಧಾನವಾಗಿ ತಳ್ಳಿದ ಅಲಗು ಒಳನುಗ್ಗುತ್ತದೆ. ಈ ಎರಡು ನಿಯಮಗಳಿಂದ ಗ್ರಹಗಳ ನಡುವೆ ಓಡಾಡುವ ಜನ ಚೂರಿ ಹಿಡಿದು ಎದುರುಬದುರು ಕಾದಾಡುತ್ತಾರೆ, ಚೂರಿವರಸೆ ಕಲಿಸುವ ಗುರುಗಳಿರುತ್ತಾರೆ, ಮಾನ ಅಪಮಾನಗಳ ಒಂದು ಸಂಸ್ಕೃತಿಯೇ ಇರುತ್ತದೆ. ಆಯುಧದ ಮಿತಿಯಿಂದ ಒಂದು ಜಗತ್ತು ಹುಟ್ಟಿತು. 2009ರ ‘ಡಿಸ್ಟ್ರಿಕ್ಟ್ 9’ ಚಿತ್ರದಲ್ಲಿ ಜೋಹಾನೆಸ್‌ಬರ್ಗ್‌ಗೆ ಬಂದ ಅನ್ಯಗ್ರಹದವರ ಆಯುಧಗಳು ಅವರದೇ ಡಿಎನ್‌ಎ ಇದ್ದವರ ಕೈಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಹಾಗಾಗಿ ಮೈ ಬದಲಾಗುತ್ತಿರುವ ಒಬ್ಬ ಸಾಮಾನ್ಯ ನೌಕರನನ್ನು ಎಲ್ಲರೂ ಬೇಟೆಯಾಡುತ್ತಾರೆ. ಕಥೆಯ ಅಷ್ಟೂ ನೋವು ಆ ಒಂದೇ ನಿಯಮದಿಂದ ಹುಟ್ಟಿದ್ದು.

2005ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮಾಡಿದ ‘ವಾರ್ ಆಫ್ ದ ವರ್ಲ್ಡ್ಸ್’ನಲ್ಲಿ ಕಿರಣ ತಾಗಿದ ಮನುಷ್ಯರು ಬೂದಿಯಾಗುತ್ತಾರೆ, ಅವರ ಬಟ್ಟೆಗಳು ಮಾತ್ರ ಹಾಗೇ ಗಾಳಿಯಲ್ಲಿ ತೇಲುತ್ತವೆ. ಭೌತಶಾಸ್ತ್ರಕ್ಕೆ ಇದನ್ನು ಒಪ್ಪುವುದು ಕಷ್ಟ. ಆದರೆ ಅದು ಯಾರ ಮುಖವನ್ನೂ ನೋಡದೆ ನಡೆಯುತ್ತದೆ. ಮುಂದೊಂದು ಕಡೆ ಮೇಲಿನಿಂದ ಬಟ್ಟೆಗಳಷ್ಟೇ ಉದುರುತ್ತವೆ. ಏನಾಗಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ನೋಡುಗನಿಗೆ ನಿಯಮ ತಿಳಿದಿದೆ, ಎದೆ ತಾನಾಗಿಯೇ ಭಾರವಾಗುತ್ತದೆ.

‘ಸ್ಟಾರ್ ವಾರ್ಸ್’ನವರೂ ಇದನ್ನು ಕಲಿತ ಕಡೆ ಕಲಿತಿದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. 2015ರ ‘ದ ಫೋರ್ಸ್ ಅವೇಕನ್ಸ್’ ಚಿತ್ರದಲ್ಲಿ ಚೂಬಾಕಾನ ಬಿಲ್ಲುಬಂದೂಕು ಸೈನಿಕರನ್ನು ಗಾಳಿಗೆ ಹಾರಿಸುವುದನ್ನು ಮೊದಲೇ ತೋರಿಸುತ್ತಾರೆ. ಕೊನೆಯಲ್ಲಿ ಅದೇ ಹೊಡೆತ ಖಳನಾಯಕ ಕೈಲೋ ರೆನ್‌ನ ಹೊಟ್ಟೆಗೆ ಬೀಳುತ್ತದೆ. ಅವನು ಸಾಯುವುದಿಲ್ಲ, ಆದರೆ ನೆಟ್ಟಗೂ ಉಳಿಯುವುದಿಲ್ಲ. ಹಿಮದ ಮೇಲೆ ರಕ್ತ ಸುರಿಸುತ್ತಾ, ಗಾಯವನ್ನು ತಾನೇ ಗುದ್ದಿಕೊಳ್ಳುತ್ತಾ ಕಾದಾಡುತ್ತಾನೆ. ಅವನು ಎಷ್ಟು ಬಲಶಾಲಿ ಎಂಬುದೂ, ಕತ್ತಿವರಸೆ ಕಲಿಯದ ಹುಡುಗಿ ಅವನೆದುರು ಹೇಗೆ ನಿಂತಳು ಎಂಬುದೂ ಒಟ್ಟಿಗೇ ಅರ್ಥವಾಗುತ್ತದೆ. ಬದುಕಿಸಬೇಕಾದವರನ್ನು ಬದುಕಿಸು, ಬೇಡ ಅನ್ನುವುದಿಲ್ಲ. ಆಯುಧದ ಪೂರ್ತಿ ಪೆಟ್ಟು ಅವರಿಗೂ ತಾಗಲಿ, ಅದರ ಗುರುತು ಕೊನೆಯವರೆಗೂ ಅವರ ಮೈಮೇಲೆ ಇರಲಿ.

ಇದನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಿರಲಿಲ್ಲ, ಮಗೂ. ಗಮಕದಲ್ಲಿ, ತಾಳಮದ್ದಳೆಯಲ್ಲಿ ಕೇಳಿ ಬೆಳೆದ ಭಾರತದ ಕಥೆಯಲ್ಲೇ ಇದೆ. ಇಂದ್ರ ಕರ್ಣನಿಗೆ ಕೊಟ್ಟ ಶಕ್ತ್ಯಾಯುಧ ಒಂದೇ ಸಲ ಬಳಸಬಹುದಾದದ್ದು. ಅರ್ಜುನನಿಗೆಂದು ಅದನ್ನು ಜೋಪಾನ ಮಾಡಿಟ್ಟಿದ್ದ ಕರ್ಣ, ಘಟೋತ್ಕಚನ ಉಪಟಳ ತಾಳಲಾರದೆ ಅವನ ಮೇಲೆ ಬಿಡಬೇಕಾಯಿತು. ಮತ್ತೊಂದು ಅವಕಾಶ ಅವನಿಗೆ ಸಿಗಲಿಲ್ಲ, ಕವಿಯೂ ಕೊಡಲಿಲ್ಲ. ಅಶ್ವತ್ಥಾಮನ ನಾರಾಯಣಾಸ್ತ್ರ ಆಯುಧ ಕೆಳಗಿಟ್ಟವರನ್ನು ಬಿಡುತ್ತದೆ, ಎದುರು ನಿಂತವರನ್ನು ಸುಡುತ್ತದೆ. ಭೀಮ ಗದೆ ಇಡಲೊಲ್ಲೆ ಎಂದಾಗ ಅಸ್ತ್ರ ಅವನನ್ನು ಭೀಮನೆಂದು ಬಿಡಲಿಲ್ಲ. ಕೃಷ್ಣಾರ್ಜುನರು ಅವನನ್ನು ರಥದಿಂದ ಎಳೆದು ಇಳಿಸಬೇಕಾಯಿತು. ಮುಖ ನೋಡದ ಆಯುಧ ಎಂದರೆ ಇದು.

ದೊಡ್ಡ ಬಜೆಟ್ಟಿನ ಚಿತ್ರಗಳಲ್ಲಿ ಈ ತಪ್ಪು ಯಾಕೆ ನುಸುಳುತ್ತದೆ ಎಂಬುದೂ ನಿನಗೆ ಗೊತ್ತಿರಬೇಕು, ಯಾಕೆಂದರೆ ನಿನ್ನ ಸಣ್ಣ ತಂಡದಲ್ಲೂ ಅದೇ ಆಗುತ್ತದೆ. ‘ಸ್ಟಾರ್ ವಾರ್ಸ್’ನ ಬ್ಲಾಸ್ಟರ್‌ಗಳು ನಿಜವಾದ ಬಂದೂಕುಗಳಿಗೆ ಅಲಂಕಾರ ಮಾಡಿದವು. ಸೈನಿಕರ ಕೈಯಲ್ಲಿರುವುದು ಬ್ರಿಟನ್ನಿನ ಸ್ಟರ್ಲಿಂಗ್ ಬಂದೂಕು, ನಾಯಕರಲ್ಲೊಬ್ಬನಾದ ಹಾನ್ ಸೋಲೋನದು ಹಳೆಯ ಜರ್ಮನ್ ಮೌಸರ್ ಪಿಸ್ತೂಲು. ಖಾಲಿ ತೋಟಾ ಹಾರಿಸಿದ್ದರಿಂದ ಅವು ಒದೆಯುತ್ತಿದ್ದವು. ಕಿರಣವನ್ನು ಆಮೇಲೆ ಬೇರೆಯವರು ಚೌಕಟ್ಟು ಚೌಕಟ್ಟಾಗಿ ಕೈಯಿಂದ ಬಿಡಿಸಿದರು. ಶಬ್ದವನ್ನು ಬೆನ್ ಬರ್ಟ್ ರೇಡಿಯೊ ಗೋಪುರದ ಬಿಗಿ ತಂತಿಗೆ ಸುತ್ತಿಗೆಯಿಂದ ಹೊಡೆದು ಹುಟ್ಟಿಸಿದ. ಬರೆದವರು ಒಬ್ಬರು, ನಟಿಸಿದವರು ಒಬ್ಬರು, ಬೆಳಕು ಕೊಟ್ಟವರು ಇನ್ನೊಬ್ಬರು, ಸದ್ದು ಕೊಟ್ಟವರು ಮತ್ತೊಬ್ಬರು. ಪ್ರತಿಯೊಬ್ಬರೂ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಆ ಕಿರಣ ಏನು ಮಾಡಬಲ್ಲದು ಎಂಬ ಒಂದೇ ಕಲ್ಪನೆ ಎಲ್ಲರ ತಲೆಯಲ್ಲೂ ಇರಬೇಕಾದರೆ ಅದನ್ನು ಯಾರಾದರೂ ಬರೆದು ಹಂಚಬೇಕು. ನಿನ್ನ ತಂಡದಲ್ಲಿ ಆ ಕೆಲಸ ನಿನ್ನದು.

ಶಕ್ತಿಯನ್ನು ಏರಿಸುತ್ತಾ ಹೋಗುವ ಆಸೆಯನ್ನೂ ಹತೋಟಿಯಲ್ಲಿಡು. ‘ಸ್ಟಾರ್ ವಾರ್ಸ್’ನ ಡೆತ್ ಸ್ಟಾರ್ ಎಂಬ ಮಹಾಯಂತ್ರ ಒಂದೇ ಹೊಡೆತಕ್ಕೆ ಗ್ರಹವನ್ನು ಪುಡಿಮಾಡುತ್ತದೆ. ಭೂಮಿಯಷ್ಟು ದೊಡ್ಡ ಗ್ರಹವನ್ನು ಮತ್ತೆ ಕೂಡದಂತೆ ಚದುರಿಸಬೇಕಾದರೆ ನಮ್ಮ ಸೂರ್ಯ ಸುಮಾರು ಒಂದು ವಾರ ಸೂಸುವಷ್ಟು ಶಕ್ತಿ ಬೇಕು. 2015ರ ಚಿತ್ರದಲ್ಲಿ ಅದಕ್ಕಿಂತ ದೊಡ್ಡದು ಬಂತು, ಒಂದೇ ಸಲಕ್ಕೆ ಹಲವು ಗ್ರಹ. ಆದರೆ 2016ರ ‘ರೋಗ್ ಒನ್’ ಎದುರು ದಾರಿ ಹಿಡಿಯಿತು. ಅದೇ ಡೆತ್ ಸ್ಟಾರನ್ನು ಒಂದೇ ರಿಯಾಕ್ಟರ್ ಹೊತ್ತಿಸಿ, ಕಡಿಮೆ ಶಕ್ತಿಯಲ್ಲಿ ಒಂದು ನಗರದ ಮೇಲೆ ಬಿಟ್ಟರು. ದಿಗಂತ ಎದ್ದು ಬರುವುದನ್ನು ನೆಲದ ಮೇಲೆ ನಿಂತು ನೋಡಿದಾಗ ನನಗೆ ಮೊದಲ ಬಾರಿ ಆ ಆಯುಧದ ನಿಜವಾದ ಭಯ ತಾಗಿತು.

ಈಗ ಶಕ್ತಿಯ ಆಯುಧ ಕಲ್ಪನೆಯಷ್ಟೇ ಆಗಿ ಉಳಿದಿಲ್ಲ. 2025ರ ಏಪ್ರಿಲ್ 13ರಂದು ಆಂಧ್ರದ ಕರ್ನೂಲಿನಲ್ಲಿ ನಮ್ಮ ಡಿಆರ್‌ಡಿಒ 30 ಕಿಲೋವಾಟ್ ಲೇಸರಿನಿಂದ ಡ್ರೋನುಗಳನ್ನು ಸುಟ್ಟು ಉರುಳಿಸಿ ತೋರಿಸಿತು. ಹೈದರಾಬಾದಿನ ಪ್ರಯೋಗಾಲಯ ಮುಂದಾಳತ್ವ ವಹಿಸಿದ ಆ ಕೆಲಸದಲ್ಲಿ ಬೆಂಗಳೂರಿನ ರೇಡಾರ್ ಪ್ರಯೋಗಾಲಯದ ಪಾಲೂ ಇತ್ತು. ನಿಜವಾದ ಲೇಸರ್ ಆಯುಧದ ಮಿತಿಗಳನ್ನು ಓದಿ ತಿಳಿ. ಅದಕ್ಕೆ ಸದ್ದಿಲ್ಲ, ಸಾಮಾನ್ಯವಾಗಿ ಕಿರಣವೂ ಕಾಣುವುದಿಲ್ಲ. ಓಡುತ್ತಿರುವ ಗುರಿಯ ಒಂದೇ ಜಾಗದ ಮೇಲೆ ಕಿರಣವನ್ನು ಕೆಲವು ಕ್ಷಣ ಕದಲದೆ ನಿಲ್ಲಿಸಬೇಕು. ಮಂಜು, ಮಳೆ, ದೂಳು ಅದರ ಬಲ ಕುಗ್ಗಿಸುತ್ತವೆ. ಯಂತ್ರ ಕಾಯುತ್ತದೆ, ತಣಿಸಬೇಕು. ಈ ಒಂದೊಂದು ಮಿತಿಯಲ್ಲೂ ಒಂದೊಂದು ದೃಶ್ಯ ಇದೆ. ಗುರಿ ಕದಲದಂತೆ ಉಸಿರು ಹಿಡಿದು ಕಾಯುವವಳು, ಮೋಡ ಕವಿದು ಕೈಚೆಲ್ಲಿದವಳು, ಯಂತ್ರ ತಣಿಯುವ ಮೊದಲೇ ಶತ್ರು ಬಾಗಿಲಿಗೆ ಬಂದದ್ದನ್ನು ಕಂಡವಳು ನಿನ್ನ ನಾಯಕಿಯಾಗಬಹುದು.

ಇನ್ನು ಕೆಲಸದ ಮಾತು. ಚಿತ್ರಕಥೆ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೋ. ಆ ಬಂದೂಕು ಮೈಗೆ ತಾಗಿದರೆ ಏನಾಗುತ್ತದೆ, ಬಟ್ಟೆಗೆ, ಗೋಡೆಗೆ, ಲೋಹಕ್ಕೆ ತಾಗಿದರೆ ಏನಾಗುತ್ತದೆ ಎಂದು ಬರೆ. ಎಷ್ಟು ದೂರ ಹೋಗುತ್ತದೆ, ಎಷ್ಟು ಹೊಡೆತಕ್ಕೆ ಬರಿದಾಗುತ್ತದೆ, ಮತ್ತೆ ತುಂಬಲು ಎಷ್ಟು ಹೊತ್ತು ಬೇಕು, ಹೊಡೆದವನಿಗೆ ಏನು ತೊಂದರೆ, ಯಾವುದು ಅದನ್ನು ತಡೆಯುತ್ತದೆ ಎಂಬುದನ್ನೂ ಬರೆ. ಕೊಲ್ಲದೆ ಕೆಡವುವ ಮಟ್ಟ ಇದ್ದರೆ, ಎಲ್ಲರೂ ಯಾವಾಗಲೂ ಅದನ್ನೇ ಯಾಕೆ ಬಳಸುವುದಿಲ್ಲ ಎಂಬುದಕ್ಕೆ ಕಾರಣ ಬೇಕು. ಆ ಹಾಳೆಯಲ್ಲಿ ಯಾವ ಪಾತ್ರದ ಹೆಸರೂ ಬರಬಾರದು. ಅದರ ಪ್ರತಿಯನ್ನು ಛಾಯಾಗ್ರಾಹಕರಿಗೆ, ಸಂಕಲನಕಾರರಿಗೆ, ಗ್ರಾಫಿಕ್ಸ್ ಮಾಡುವವರಿಗೆ, ಧ್ವನಿ ಮಾಡುವವರಿಗೆ ಕೊಡು. ಆಮೇಲೆ ನಾಯಕಿಯ ಭುಜದ ದೃಶ್ಯಕ್ಕೆ ಬಾ. ಅವಳ ತೋಳೇ ಹೋಗಲಿ, ಉಳಿದ ಕಥೆಯನ್ನು ಒಂದೇ ಕೈಯಲ್ಲಿ ಗೆಲ್ಲಲಿ. ಇಲ್ಲವೇ ಬಂದೂಕು ಬರಿದಾಗುತ್ತಿದೆ ಎಂಬುದನ್ನು ಮೊದಲೇ ತೋರಿಸು. ಆ ಲೆಕ್ಕವನ್ನು ಅವಳೂ ಇಟ್ಟಿರಲಿ, ಕೊನೆಯ ದುರ್ಬಲ ಹೊಡೆತಕ್ಕೆ ತಾನಾಗಿಯೇ ಭುಜ ಒಡ್ಡಲಿ. ಎರಡರಲ್ಲಿ ಯಾವುದಾದರೂ ಸರಿ, ಈಗಿರುವುದಕ್ಕಿಂತ ಅವಳು ದೊಡ್ಡವಳಾಗುತ್ತಾಳೆ.

ತಿದ್ದಿದ ಮೇಲೆ, ಮಧ್ಯಂತರದವರೆಗಿನ ಭಾಗವನ್ನು ಕಥೆ ಗೊತ್ತಿಲ್ಲದ ಇಬ್ಬರು ಮೂವರಿಗೆ ಓದಲು ಕೊಡು. ಈ ಬಂದೂಕು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಅವರನ್ನು ಕೇಳು. ಅವರ ಉತ್ತರ ನಿನ್ನ ಹಾಳೆಗೆ ತಾಳೆಯಾಗುವವರೆಗೆ ಕ್ಯಾಮೆರಾ ಬಾಡಿಗೆಗೆ ಮುಂಗಡ ಕೊಡಬೇಡ.